ಸಿಸ್ಟರ್ ಕೇಳದ ಪ್ರಶ್ನೆ

ವಿಜಯಪುರ ಜಿಲ್ಲೆಯ ಸಿಂದಗಿ ಕಡೆಯ ಹಿರಿಯ ಸಿಸ್ಟರ್ ಒಬ್ಬರು ಹೇಳಿದ ಮಾತಿದು. ಅವರ ಆರೋಗ್ಯ ಉಪಕೇಂದ್ರಕ್ಕೆ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಳು. ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಅತ್ತೆ. 'ಸ್ವಂಟ ನೋಯ್ತದ್ರಿ ಅಕ್ಕಾರ' ಎಂದಳು. ಅದಕ್ಕೂ ಮೊದಲು ಮೂರು ಸಲ ಬಂದು ಇದನ್ನೇ ಹೇಳಿದ್ದಳು. ಮೂರು ಸಲವೂ ಕ್ಯಾಲ್ಸಿಯಂ ಮಾತ್ರೆ, ನೋವಿನ ಗುಳಿಗೆ ಕೊಟ್ಟು ಕಳಿಸಿದ್ದರು. ನಾಲ್ಕನೇ ಸಲ ಈ ಸಿಸ್ಟರ್ ಇದ್ದರು. ಮಾತ್ರೆ ಡಬ್ಬಿಗೆ ಕೈ ಹಾಕಲಿಲ್ಲ. 'ಆಯೀ, ಕೂಸಿನ ತೂಕ ಮಾಡಸ್ಕೊಂಡ್ ಬರ್ರಿ, ಆಶಾ ಹೊರಗ ಕುಂತಾಳ' ಎಂದು ಅತ್ತೆಯ ಕೈಗೆ ಕೂಸು ಕೊಟ್ಟು ಕಳಿಸಿದರು. ಬಾಗಿಲು ಅರ್ಧ ಎಳೆದು, ಕುರ್ಚಿ ಹತ್ತಿರ ಸರಿಸಿಕೊಂಡು, 'ಬಿಳಿ ಹೊಂಟದೇನವ್ವಾ?' ಎಂದರು.

ಆಕೆ ಮೊದಲು ಬಾಗಿಲ ಕಡೆ ನೋಡಿದಳಂತೆ, ಆಮೇಲೆ ಅತ್ತಳಂತೆ. ಎಂಟು ತಿಂಗಳಿಂದ ಬಿಳಿ ಸೆರಗು. ಗಂಡನ ಜೊತೆ ಕೂಡಿದಾಗ ನೋವು. ಪುಣೆಗೆ ದುಡಿಯಲು ಹೋಗಿ ಬಂದ ಗಂಡನಿಗೂ ಉರಿಮೂತ್ರ. ಸೊಂಟ ನೋವು ಇದ್ದದ್ದು ನಿಜ, ಆದರೆ ಅದು ಈ ಕಥೆಯ ಬಾಲ ಮಾತ್ರ.

ಇದನ್ನು ಯಾವ ತರಬೇತಿಯಲ್ಲಿ ಕಲಿತಿರಿ ಎಂದು ಆ ಸಿಸ್ಟರನ್ನು ಕೇಳಿದೆ. 'ಯಾರೂ ಕಲಿಸಿಲ್ರಿ, ಇಪ್ಪತ್ತಾರು ವರ್ಷದಾಗ ತಾನಾ ಬಂತು' ಎಂದರು. ಆ ಮಾತು ಅಂದಿನಿಂದ ನನ್ನನ್ನು ಕಾಡುತ್ತಿದೆ. ಹಾಗಾದರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ ಅತ್ತೆಯನ್ನು ಹೊರಗೆ ಕಳಿಸುವುದು ಕಲಿಯುವ ತನಕ ಎಷ್ಟು ಹೆಂಗಸರು ಕ್ಯಾಲ್ಸಿಯಂ ಮಾತ್ರೆ ಹಿಡಿದುಕೊಂಡು ಮನೆಗೆ ಹೋಗಬೇಕು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆ ಸೇರಿದರೆ 2011ರ ಜನಗಣತಿಯ ಪ್ರಕಾರವೇ 88 ಲಕ್ಷ ಜನ. ಈ ಭಾಗದಲ್ಲಿ ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಸುಮಾರು ಶೇ 65ರಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಹೊತ್ತಿಗೆ ಅದು ಶೇ 97 ಆಯಿತು. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2011-13ರಲ್ಲಿ 133 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಬಸುರಿಯನ್ನು ಮನೆಯಿಂದ ಆಸ್ಪತ್ರೆಯ ಬಾಗಿಲಿಗೆ ತಂದದ್ದು ಆಶಾ ಕಾರ್ಯಕರ್ತೆಯರು ಮತ್ತು ಉಪಕೇಂದ್ರದ ಎಎನ್‌ಎಂ (ಸಹಾಯಕ ನರ್ಸ್-ಸೂಲಗಿತ್ತಿ) ಸಿಸ್ಟರ್‌ಗಳು. ಬಾಗಿಲು ದಾಟಿ ಒಳಗೆ ಬಂದವಳಿಗೆ ಏನು ಸಿಗುತ್ತದೆ ಎಂಬುದು ಈಗಿನ ಪ್ರಶ್ನೆ.

ಸಿಸ್ಟರ್‌ಗಳಿಗೆ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಿ ಪುರಾವೆ ತರಬೇಕಿಲ್ಲ, ಅದು ಬೆಳಗಾವಿಯಲ್ಲೇ ಇದೆ. 2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. ಹೆರಿಗೆಯಾದ ಕೂಡಲೇ ಮಿಸೊಪ್ರಾಸ್ಟಾಲ್ ಎಂಬ ಗುಳಿಗೆ ನುಂಗಿಸಿದರೆ ಬಾಣಂತಿಯ ರಕ್ತಸ್ರಾವ ತಡೆಯಬಹುದೇ ಎಂಬುದು ಪ್ರಶ್ನೆ. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸಿ ಗುಳಿಗೆ ಕೊಟ್ಟವರು ಎಎನ್‌ಎಂಗಳು, ದೊಡ್ಡ ಡಾಕ್ಟರುಗಳಲ್ಲ. 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಗುಳಿಗೆ. ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿ ರಕ್ತಸ್ರಾವ ತಡೆಗೆ ಈ ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆ ಪ್ರಯೋಗದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಒಂದು ಪ್ಲಾಸ್ಟಿಕ್ ಹಾಳೆ. ಹೆರಿಗೆಯಾದವಳ ಸೊಂಟದ ಕೆಳಗೆ ಹಾಸಿ, ದಾರದಿಂದ ಕಟ್ಟಿ, ತುದಿಯನ್ನು ಕೆಳಕ್ಕೆ ಬಿಡುತ್ತಾರೆ. ತುದಿ ಒಂದು ಚೀಲದಂತಿದೆ, ಅದರ ಮೇಲೆ ಅಳತೆಯ ಗೆರೆಗಳಿವೆ. ರಕ್ತ ಎಷ್ಟು ಹೋಯಿತು ಎಂದು ಗೆರೆ ನೋಡಿ ಹೇಳಬಹುದು. ಅದಕ್ಕೆ ಮೊದಲು ಎಲ್ಲರೂ ಕಣ್ಣಂದಾಜಿನಲ್ಲಿ ಹೇಳುತ್ತಿದ್ದರು. ಅಂದಾಜು ಮಾಡುವವರು ನಿಜವಾಗಿ ಹೋದದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಹೇಳುತ್ತಾರೆ ಎಂಬುದು ಈ ಹಾಳೆಯಿಂದಲೇ ಗೊತ್ತಾಯಿತು. ಇಂಥದೇ ಗೆರೆ ಹಾಳೆಯನ್ನು ತರಬೇತಿಯ ಜೊತೆ ಸೇರಿಸಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತ ಶೇ 60ರಷ್ಟು ತಗ್ಗಿದ್ದು 2023ರಲ್ಲಿ ವರದಿಯಾಯಿತು. ನಮ್ಮ ಹಳ್ಳಿಯ ಹೆರಿಗೆಗಳಲ್ಲಿ ಹಾಸಿದ ಹಾಳೆಯ ಬಳಗ ಅಲ್ಲಿಯವರೆಗೆ ಹೋಗಿ ಜೀವ ಉಳಿಸಿತು.

ಬೆಳಗಾವಿಯಿಂದಲೇ ಇನ್ನೊಂದು ಪಾಠವೂ ಬಂತು, ಅದು ಸ್ವಲ್ಪ ಕಹಿ. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದಲ್ಲಿ ಏನು ಮಾಡಬೇಕು ಎಂದು ಗೊಂಬೆ ಇಟ್ಟು, ಉಸಿರು ಊದುವ ಚೀಲ ಒತ್ತಿಸಿ, ಹೆರಿಗೆ ಮಾಡಿಸುವ 599 ಮಂದಿಗೆ ಕಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸತ್ತು ಹುಟ್ಟುವ ಕೂಸುಗಳ ಪ್ರಮಾಣ ಶೇ 3ರಿಂದ 2.3ಕ್ಕೆ ಇಳಿದಿತ್ತು. ಉಸಿರಿಲ್ಲವೆಂದು ಸತ್ತ ಲೆಕ್ಕಕ್ಕೆ ಹೋಗುತ್ತಿದ್ದ ಎಷ್ಟೋ ಕೂಸುಗಳು ಅತ್ತವು. ಆದರೆ ನವಜಾತ ಶಿಶುಗಳ ಮರಣ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಮೊದಲ ನಿಮಿಷ ಕಲಿಸಿದ್ದರು, ಮೊದಲ ನಿಮಿಷ ಸುಧಾರಿಸಿತು. ಮುಂದಿನ ದಿನಗಳ ಆರೈಕೆಗೆ ಬೇರೆಯದೇ ತಯಾರಿ ಬೇಕಿತ್ತು. ಯಾವುದನ್ನು ಕಲಿಸುತ್ತೇವೋ ಅಷ್ಟೇ ಬದಲಾಗುತ್ತದೆ. ಹಾಗಿದ್ದ ಮೇಲೆ ನಾವು ಯಾವುದನ್ನು ಕಲಿಸದೆ ಬಿಟ್ಟಿದ್ದೇವೆ ಎಂದು ನೋಡಲೇಬೇಕು.

ಹೆರಿಗೆ ಮಾಡಿಸುವುದು, ಕಾಪರ್ ಟಿ ಹಾಕುವುದು, 2017ರಿಂದ ಬಂದ 'ಅಂತರ' ಎಂಬ ಗರ್ಭನಿರೋಧಕ ಚುಚ್ಚುಮದ್ದು ಕೊಡುವುದು, ಇವೆಲ್ಲ ಕೈಯ ಕೆಲಸ. ಕೈಯ ಕೆಲಸಕ್ಕೆ ತರಬೇತಿ ಇದೆ, ಚೆಕ್‌ಲಿಸ್ಟ್ ಇದೆ, ಗೊಂಬೆ ಇದೆ. ಲೈಂಗಿಕ ಆರೋಗ್ಯದ ಅರ್ಧಕ್ಕಿಂತ ಹೆಚ್ಚು ಕೆಲಸ ಬಾಯಿಯದು, ಕಿವಿಯದು. ಅಂತರ ಚುಚ್ಚುಮದ್ದನ್ನೇ ನೋಡಿ. ಮೂರು ತಿಂಗಳಿಗೊಮ್ಮೆ ಚುಚ್ಚುವುದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು. ಆದರೆ ಚುಚ್ಚುವ ಮೊದಲು 'ತಂಗಿ, ಶುರುವಿಗೆ ಮುಟ್ಟು ಏರುಪೇರಾಗ್ತದ, ಒಮ್ಮೊಮ್ಮೆ ಹನಿಹನಿ ಕಾಣ್ತದ, ಆಮ್ಯಾಲ ಪೂರ್ತಿ ನಿಂತರೂ ನಿಲ್ತದ, ಹೆದರಬ್ಯಾಡ' ಎಂದು ಹೇಳದಿದ್ದರೆ ಆಕೆ ಎರಡನೇ ಚುಚ್ಚುಮದ್ದಿಗೆ ಬರುವುದಿಲ್ಲ. ಮುಟ್ಟಾದಾಗ ದೇವರ ಕೋಣೆಗೆ, ಅಡುಗೆ ಮನೆಗೆ ಹೋಗದ ಮನೆಗಳಲ್ಲಿ ತಿಂಗಳಿಡೀ ಹನಿಹನಿ ಕಂಡರೆ ಆ ಹೆಂಗಸಿನ ಪಾಡು ಏನು ಎಂಬುದು ಬೆಂಗಳೂರಿನಲ್ಲಿ ಬರೆದ ಸ್ಲೈಡಿನಲ್ಲಿ ಇರುವುದಿಲ್ಲ. 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57.4ರಷ್ಟು ಜನ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರದು ಹೆಚ್ಚುಕಡಿಮೆ ಸೊನ್ನೆ. ನಮ್ಮ ಕಡೆ 'ಆಪರೇಷನ್ ಆಗೇತಿ' ಎಂದರೆ ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಬೇರೆ ದಾರಿಗಳನ್ನು ಕೂತು ವಿವರಿಸುವವರು ಇಲ್ಲದಿರುವುದೂ ಇದಕ್ಕೆ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಮತ್ತೆ ಬಿಳಿ ಸೆರಗಿಗೆ ಬರೋಣ. ಹೆಣ್ಣುಮಕ್ಕಳು ಇಷ್ಟು ಸಲ ಹೇಳಿಕೊಳ್ಳುವ, ಇಷ್ಟು ಕಡಿಮೆ ಕೇಳಿಸಿಕೊಳ್ಳಲ್ಪಡುವ ಇನ್ನೊಂದು ತೊಂದರೆ ಇರಲಿಕ್ಕಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಣ್ಣಬಣ್ಣದ ಔಷಧ ಕಿಟ್‌ಗಳಿವೆ: ಗರ್ಭಕಂಠದ ಸೋಂಕಿಗೆ ಬೂದು ಬಣ್ಣದ್ದು, ಯೋನಿಸ್ರಾವಕ್ಕೆ ಹಸಿರು, ಕೆಳಹೊಟ್ಟೆ ನೋವಿಗೆ ಹಳದಿ. ಲ್ಯಾಬ್ ಇಲ್ಲದ ಕಡೆಯೂ ಲಕ್ಷಣ ನೋಡಿ ಚಿಕಿತ್ಸೆ ಸಿಗಲಿ ಎಂಬ ಉದ್ದೇಶ, ಒಳ್ಳೆಯದೇ. ತೊಡಕು ಎಲ್ಲಿದೆ ಎಂದರೆ, ಬಿಳಿ ಹೋಗುವುದೆಲ್ಲ ರೋಗವಲ್ಲ. ಮುಟ್ಟಿನ ಚಕ್ರದ ನಡುವೆ ಸಹಜವಾಗಿಯೂ ಹೋಗುತ್ತದೆ. ಇನ್ನೊಂದು ಕಡೆ, ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೈಡಿಯಾ, ಗೊನೋರಿಯಾದಂಥ ಸೋಂಕು ಅನೇಕ ಹೆಂಗಸರಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಒಳಗೇ ಇರುತ್ತದೆ. ನೆರೆಯ ಗೋವಾದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಬಿಳಿ ಸೆರಗಿನ ದೂರಿಗೂ ಮನಸ್ಸಿನ ಕುಗ್ಗು, ಆತಂಕಕ್ಕೂ ಗಟ್ಟಿಯಾದ ನಂಟು ಕಂಡಿತ್ತು. ಅಂದರೆ ಹಸಿರು ಕಿಟ್ ಕೊಟ್ಟು ಕಳಿಸಿದರೆ ಕೆಲವರಿಗೆ ಬೇಡದ ಔಷಧ, ಕೆಲವರಿಗೆ ತಪ್ಪು ಔಷಧ. ಗಂಡ ಕುಡಿದು ಬಂದು ಹೊಡೆಯುವುದರಿಂದ ಮೈ ಸೋತವಳಿಗೆ ಯಾವ ಬಣ್ಣದ ಕಿಟ್ಟೂ ಇಲ್ಲ. ಯಾರಿಗೆ ಯಾವುದು ಎಂದು ತಿಳಿಯುವುದು ಐದಾರು ಪ್ರಶ್ನೆಗಳಿಂದ. ಗಂಡನನ್ನೂ ಕರೆಸಿ ಚಿಕಿತ್ಸೆ ಕೊಡದಿದ್ದರೆ ಸೋಂಕು ಮತ್ತೆ ಬರುತ್ತದೆ. ಅವನನ್ನು ಕರೆಸುವ ಮಾತನ್ನು ಹೆಂಡತಿಯ ಮೇಲೆ ಅನುಮಾನ ಬೀಳದ ಹಾಗೆ ಹೇಳಬೇಕು. ಇದು ಹೆರಿಗೆ ಮಾಡಿಸುವುದಕ್ಕಿಂತ ಸುಲಭದ ಕೆಲಸವೇನಲ್ಲ.

ಮಾತಿನ ತೊಡಕು ಇಲ್ಲಿ ಇನ್ನೂ ಜಾಸ್ತಿ. ಪಠ್ಯದಲ್ಲಿ 'ಋತುಸ್ರಾವ', 'ಜನನಾಂಗ', 'ಸಂಭೋಗ'. ಊರಿನಲ್ಲಿ ಮುಟ್ಟಾದರೆ 'ಹೊರಗ ಕುಂತಾಳ', 'ಕಡಿಗಿ ಆಗ್ಯಾಳ'; ಗರ್ಭಪಾತಕ್ಕೆ 'ಹೊಟ್ಟಿ ತಗಸೋದು'; ಇನ್ನು 'ತಿಂಗಳ ತಪ್ಪೇತಿ', 'ಮೈ ಜಾರೇತಿ'. ಪಠ್ಯದ ಪದ ಕೇಳಿದರೆ ಆಕೆಗೆ ತಿಳಿಯುವುದಿಲ್ಲ, ಊರಿನ ಪದವನ್ನು ಬಾಯಿಬಿಟ್ಟು ಹೇಳಲು ಸಿಸ್ಟರ್‌ಗೆ ನಾಚಿಕೆ. ನಿಪ್ಪಾಣಿ, ಖಾನಾಪುರದಲ್ಲಿ ಮರಾಠಿ; ವಿಜಯಪುರ ಪೇಟೆಯೊಳಗೆ ದಖನಿ ಉರ್ದು; ತಾಂಡಾಗಳಲ್ಲಿ ಲಂಬಾಣಿ. ತಾಂಡಾದಿಂದ ಬಂದ ಹೆಂಗಸಿನ ಮಾತನ್ನು ಕನ್ನಡಕ್ಕೆ ತರುವವನು ಬಹಳ ಸಲ ಅವಳ ಗಂಡ, ಇಲ್ಲವೇ ಶಾಲೆಗೆ ಹೋಗುವ ಮಗ. ಮಗನ ಬಾಯಿಂದ ತಾಯಿ ಏನನ್ನು ಹೇಳಿಸಿಯಾಳು?

ಕಾನೂನಿನ ವಿಷಯದಲ್ಲಂತೂ ಸಿಬ್ಬಂದಿಯ ತಲೆಯಲ್ಲಿರುವುದು ಅರಿವಿಗಿಂತ ಹೆಚ್ಚಾಗಿ ಭಯ. ಗರ್ಭಪಾತ ಎಂದ ಕೂಡಲೇ 'ಅದು ಅಪರಾಧ ಅಲ್ಲೇನ್ರಿ' ಎಂದು ಕೇಳಿದ ಆಶಾ ಕಾರ್ಯಕರ್ತೆಯರು ನನಗೆ ಸಿಕ್ಕಿದ್ದಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಬೋರ್ಡು ಪ್ರತಿ ಆಸ್ಪತ್ರೆಯ ಗೋಡೆಯ ಮೇಲಿದೆ; 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಬೋರ್ಡು ಅಷ್ಟಾಗಿ ಕಾಣುವುದಿಲ್ಲ. ಎರಡೂ ಕಲೆತುಹೋಗಿ ಗರ್ಭಪಾತವೆಲ್ಲ ಕಳ್ಳಕೆಲಸ ಎಂಬ ನಂಬಿಕೆ ಬೆಳೆದಿದೆ. ಕಾನೂನು ಹೇಳುವುದು ಬೇರೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶವಿದೆ. ವಯಸ್ಕಳಾದರೆ ಅವಳ ಒಪ್ಪಿಗೆಯೊಂದೇ ಬೇಕು. ಗಂಡನ ಸಹಿ ಬೇಕೆಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ, ಆದರೂ ಕೌಂಟರಿನಲ್ಲಿ ಕೇಳುತ್ತಾರೆ. ಹೆಸರು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಎಂದೂ ಆ ತಿದ್ದುಪಡಿ ಹೇಳಿದೆ. ಮದುವೆಯಾಗದವರಿಗೂ ಇದೇ ಹಕ್ಕು ಎಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಅದೇ ತೀರ್ಪಿನ ಇನ್ನೊಂದು ಭಾಗ ನಮ್ಮ ಮೂರು ಜಿಲ್ಲೆಗೆ ಬಹಳ ಮುಖ್ಯ, ಏಕೆಂದರೆ ಬಾಲ್ಯವಿವಾಹ ಇಲ್ಲಿ ರಾಜ್ಯದ ಸರಾಸರಿಗಿಂತ ಹೆಚ್ಚು. ಹದಿನಾರರ ಹುಡುಗಿ ಬಸುರಿಯಾಗಿ ಬಂದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಸಿಬ್ಬಂದಿಗೇ ಶಿಕ್ಷೆ. ಈ ಭಯಕ್ಕೆ ಕೆಲವರು 'ಇಲ್ಲಿ ಆಗಲ್ಲ, ಮುಂದ ಹೋಗ್ರಿ' ಎಂದು ಕಳಿಸಿಬಿಡುತ್ತಾರೆ. ಕೇಸ್ ಆಗುತ್ತದೆ ಎಂಬ ಭಯಕ್ಕೆ ಮನೆಯವರೂ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ, ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಹಾಕಬೇಕಿಲ್ಲ ಎಂದು ಕೋರ್ಟ್ ಹೇಳಿದೆ. ಈ ಒಂದು ಸಾಲು ಎಷ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತಲುಪಿದೆ? ನಾನು ವಿಚಾರಿಸಿದ ಕಡೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

'ಮುಂದ ಹೋಗ್ರಿ' ಎಂದಾಗ ಆಕೆ ಎಲ್ಲಿಗೆ ಹೋಗುತ್ತಾಳೆ? 2015ರಲ್ಲಿ ದೇಶದಲ್ಲಿ 1.56 ಕೋಟಿ ಗರ್ಭಪಾತಗಳು ನಡೆದವು, ಅದರಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಗುಳಿಗೆ ನುಂಗಿ ಆದವು ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿತ್ತು. ಗುಳಿಗೆ ಸರಿಯಾದ ವಾರದಲ್ಲಿ, ಸರಿಯಾದ ಅಳತೆಯಲ್ಲಿ ಸಿಕ್ಕರೆ ಸುರಕ್ಷಿತ. ಸಿಗದಿದ್ದರೆ ರಕ್ತ ನಿಲ್ಲದೆ ರಾತ್ರಿ ಜೀಪು ಹುಡುಕಬೇಕಾಗುತ್ತದೆ. 2022ರ ಜೂನ್‌ನಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯಲ್ಲಿ ಡಬ್ಬಿಗಳಲ್ಲಿ ತುಂಬಿ ಎಸೆದ ಏಳು ಭ್ರೂಣಗಳು ಸಿಕ್ಕವು. 2024ರ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ಅಕ್ರಮ ಗರ್ಭಪಾತದ ನಂತರ ಸಾಂಗ್ಲಿ ಕಡೆಯ ತಾಯಿಯೊಬ್ಬಳು ಜೀವ ಬಿಟ್ಟಳು. ಹೆಣ್ಣುಭ್ರೂಣ ಕೊಲ್ಲುವ ದಂಧೆಯನ್ನು ಬೇರುಸಹಿತ ಕೀಳಬೇಕು, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ, ಕಾನೂನಿನ ದಾರಿ ಹತ್ತಿರದಲ್ಲೇ ತೆರೆದಿದ್ದರೆ ಕಳ್ಳದಾರಿ ಹಿಡಿಯುವ ಹೆಂಗಸರು ಕಡಿಮೆಯಾಗುತ್ತಾರೆ. ಎಂಬಿಬಿಎಸ್ ವೈದ್ಯರು ತರಬೇತಿ ಪಡೆದು 25 ಪ್ರಕರಣಗಳಲ್ಲಿ ಕೈಜೋಡಿಸಿ, ಅದರಲ್ಲಿ ಐದನ್ನಾದರೂ ತಾವೇ ಮಾಡಿದರೆ 12 ವಾರದವರೆಗಿನ ಗರ್ಭಪಾತ ಮಾಡಬಹುದು ಎಂದು ನಿಯಮವಿದೆ. ಅಂಥ ಒಬ್ಬ ಡಾಕ್ಟರ್ ತಾಲ್ಲೂಕಿಗೆ ಒಬ್ಬರಿದ್ದು, ಅವರು ವರ್ಗವಾದ ಕೂಡಲೇ ಸೇವೆಯೇ ನಿಂತುಹೋಗುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ.

ವೈದ್ಯರ ಓದಿನ ಬೇರಿನಲ್ಲೂ ಹುಳುಕಿದೆ. ಅತ್ಯಾಚಾರಕ್ಕೊಳಗಾದವರ ಮೇಲೆ ಎರಡು ಬೆರಳಿನ ಪರೀಕ್ಷೆ ಮಾಡಿದರೆ ಅದು ದುರ್ನಡತೆ, ಪಠ್ಯದಿಂದಲೂ ತೆಗೆಯಿರಿ ಎಂದು 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾಗಿ ಎರಡು ವರ್ಷ ತುಂಬುವ ಮೊದಲೇ, 2024ರ ಆಗಸ್ಟ್ ಕೊನೆಗೆ, ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕನ್ಯತ್ವದ ಪಾಠ, ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ಪಾಠ ಮರಳಿ ಬಂದಿದ್ದವು. ವಿರೋಧ ಎದ್ದ ಮೇಲೆ ಒಂದು ವಾರದೊಳಗೆ ಹಿಂತೆಗೆದುಕೊಂಡರು.

ಸವದತ್ತಿ ಯಲ್ಲಮ್ಮನ ಗುಡ್ಡ ಇರುವ ಸೀಮೆ ನಮ್ಮದು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ರಾಜ್ಯ ಸರ್ಕಾರದ ಎರಡು ಸಮೀಕ್ಷೆ ಸೇರಿ ಗುರುತಿಸಿದ ದೇವದಾಸಿ ಮಹಿಳೆಯರ ಸಂಖ್ಯೆ 46,660. ಅವರಲ್ಲೊಬ್ಬಳು ಆಸ್ಪತ್ರೆಯ ಚೀಟಿ ಕೌಂಟರಿಗೆ ಬಂದಾಗ ಮೊದಲ ಪ್ರಶ್ನೆಯೇ 'ಗಂಡನ ಹೆಸರೇನವಾ?'. ಹಿಂದೆ ಸಾಲಿನಲ್ಲಿ ಊರವರು ನಿಂತಿರುತ್ತಾರೆ. ಅಲ್ಲೇ ಅರ್ಧ ಚಿಕಿತ್ಸೆ ಕೆಟ್ಟುಹೋಗುತ್ತದೆ. ಯಲ್ಲಮ್ಮನಿಗೆ ಮುಡಿಪಾಗಿ ಹೆಣ್ಣುಡುಗೆ ತೊಟ್ಟ ಜೋಗಪ್ಪಗಳು ಬಂದರೆ ಗಂಡಸರ ಸಾಲೋ ಹೆಂಗಸರ ಸಾಲೋ ಎಂಬಲ್ಲಿಂದ ಅವಮಾನ ಶುರು. ಲಿಂಗತ್ವ ಅಲ್ಪಸಂಖ್ಯಾತರ 2019ರ ಕಾಯ್ದೆ ವೈದ್ಯಕೀಯ ಪಠ್ಯವನ್ನೇ ಪರಿಶೀಲಿಸಬೇಕು ಎಂದಿದೆ. ಚೀಟಿ ಬರೆಯುವವರಿಗೂ ತರಬೇತಿ ಬೇಕು ಎಂಬುದು ಯಾರಿಗೂ ಹೊಳೆದಂತಿಲ್ಲ. 2000ದ ದಶಕದ ಆರಂಭದಲ್ಲಿ ಬಾಗಲಕೋಟೆಯಲ್ಲಿ ಬಸುರಿಯರಲ್ಲೂ ಎಚ್‌ಐವಿ ಶೇ 1ನ್ನು ದಾಟಿತ್ತು. ಆಗ ಈ ಭಾಗದಲ್ಲಿ ಕೆಲಸ ಗೆದ್ದದ್ದು ಲೈಂಗಿಕ ವೃತ್ತಿಯ ಮಹಿಳೆಯರನ್ನೇ ಕಾರ್ಯಕರ್ತೆಯರನ್ನಾಗಿ ಮಾಡಿ, ಅವರ ಸಂಘಗಳನ್ನು ಕಟ್ಟಿದ್ದರಿಂದ. ಕ್ಲಿನಿಕ್ ಎಲ್ಲಿರಬೇಕು, ಎಷ್ಟು ಹೊತ್ತಿಗೆ ತೆರೆದಿರಬೇಕು, ಡಾಕ್ಟರ್ ಹೇಗೆ ಮಾತಾಡಬೇಕು ಎಂದು ಅವರು ಹೇಳಿದರು, ಉಳಿದವರು ಕಲಿತರು. ಆ ಪಾಠ ಏಡ್ಸ್ ಕಾರ್ಯಕ್ರಮದೊಳಗೇ ಉಳಿದುಬಿಟ್ಟಿತು, ಹೆರಿಗೆ ವಾರ್ಡಿಗೆ ದಾಟಲಿಲ್ಲ.

ಕಬ್ಬು ಕಡಿಯಲು ಹೋಗುವ ಗ್ಯಾಂಗಿನ ಹೆಂಗಸರ ಪಾಡು ಇನ್ನೊಂದು ಬಗೆ. ಹಂಗಾಮು ಶುರುವಾದರೆ ವಿಜಯಪುರದ ತಾಂಡಾಗಳು ಖಾಲಿ. ತಾಯಿ ಕಾರ್ಡು ಊರಲ್ಲಿ, ಬಸುರಿ ಕೊಲ್ಹಾಪುರದ ಹೊಲದಲ್ಲಿ. ಹೊರಡುವ ಮೊದಲು ಅವಳ ಕೈಗೆ ಏನು ಕೊಡಬೇಕು, ಅಪಾಯದ ಲಕ್ಷಣ ಯಾವುದೆಂದು ಹೇಗೆ ಹೇಳಬೇಕು ಎಂಬುದು ಇಲ್ಲಿನ ತರಬೇತಿಯ ಮೊದಲ ಪಾಠವಾಗಬೇಕಿತ್ತು.

ಹಾಗಾದರೆ ಕಲಿಸುವುದು ಹೇಗೆ? ಜಿಲ್ಲಾ ಕೇಂದ್ರದ ಹಾಲಿಗೆ ಕರೆಸಿ, ಸಹಿ ಹಾಕಿಸಿ, ಕತ್ತಲು ಮಾಡಿ ಸ್ಲೈಡು ತೋರಿಸಿ, ಊಟ ಹಾಕಿಸಿ ಸಂಜೆಯ ಬಸ್ಸಿಗೆ ಬಿಡುವುದರಿಂದ ಅಲ್ಲ. ಅಲ್ಲಿ ಲೆಕ್ಕಕ್ಕೆ ಹೋಗುವುದು ಎಷ್ಟು ಜನ ಬಂದರು ಎಂಬುದು. ಈ ಭಾಗದಲ್ಲೇ ಬೇರೆ ದಾರಿ ತುಳಿದು ನೋಡಿದ್ದಾರೆ. ವಿಜಯಪುರ, ಬಾಗಲಕೋಟೆ ಸೇರಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ನಡೆದ ಸುಕ್ಷೇಮ ಯೋಜನೆಯಲ್ಲಿ ಅನುಭವಿ ನರ್ಸ್‌ಗಳನ್ನೇ ಮಾರ್ಗದರ್ಶಕಿಯರನ್ನಾಗಿ ಮಾಡಿದರು. ಅವರು ಮತ್ತೆ ಮತ್ತೆ ಆರೋಗ್ಯ ಕೇಂದ್ರಕ್ಕೇ ಹೋಗಿ, ಅಲ್ಲಿನ ಸಿಸ್ಟರ್ ಪಕ್ಕದಲ್ಲಿ ನಿಂತು, ಅವರ ಕೇಸ್ ಶೀಟ್ ತೆಗೆದು ಕೂತು ಕಲಿಸುತ್ತಿದ್ದರು. ಬಳ್ಳಾರಿ, ಕಲಬುರಗಿಯ 108 ಆರೋಗ್ಯ ಕೇಂದ್ರಗಳಲ್ಲಿ ಅರ್ಧಕ್ಕೆ ಮಾರ್ಗದರ್ಶಕಿಯರನ್ನು ಕೊಟ್ಟು, ಉಳಿದರ್ಧದ ಜೊತೆ ಹೋಲಿಸಿದಾಗ ಸಿಬ್ಬಂದಿಯ ತಿಳಿವಳಿಕೆಯೂ ಕೇಂದ್ರದ ತಯಾರಿಯೂ ಸ್ಪಷ್ಟವಾಗಿ ಸುಧಾರಿಸಿದ್ದು ಕಂಡಿತು. ಕೈಗೆ ಈ ರೀತಿ ಕಲಿಸಬಹುದಾದರೆ ಬಾಯಿಗೂ ಕಲಿಸಬಹುದು. ಆ ಸಿಂದಗಿಯ ಸಿಸ್ಟರ್ ತಿಂಗಳಿಗೆ ನಾಲ್ಕು ದಿನ ಪಕ್ಕದ ಉಪಕೇಂದ್ರಗಳಿಗೆ ಹೋಗಿ ಹೊಸ ಹುಡುಗಿಯರ ಜೊತೆ ಕೂತರೆ ಸಾಕು, ಇಪ್ಪತ್ತಾರು ವರ್ಷ ಕಾಯುವುದು ಬೇಡ. ಅದಕ್ಕೆ ಅವರ ಬದಲಿಗೆ ಕೆಲಸ ಮಾಡುವವರು ಬೇಕು, ಓಡಾಟದ ಖರ್ಚು ಬೇಕು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನಲ್ಲಿ ಹಗಲುರಾತ್ರಿ ಧರಣಿ ಕೂತ ಆಶಾ ಕಾರ್ಯಕರ್ತೆಯರಿಗೆ ಸರಿಯಾದ ಗೌರವಧನ ಕೊಡದೆ, ಅವರ ಹೆಗಲಿಗೆ ಇನ್ನೊಂದು ಮಾಡ್ಯೂಲ್ ಹೊರಿಸುವುದೂ ನ್ಯಾಯವಲ್ಲ.

ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆಯರ ಸಭೆಯೊಂದರಲ್ಲಿ ಕೂತಿದ್ದೆ. ಪಾಠ ಮಾಡುತ್ತಿದ್ದ ಯುವ ವೈದ್ಯೆ ಸ್ಲೈಡು ನಿಲ್ಲಿಸಿ, 'ಅತ್ತೆ ಎದುರಿಗೇ ಕೂತಿದ್ದಾರೆ, ಸೊಸೆ ಮಾತಾಡುತ್ತಿಲ್ಲ, ಏನು ಮಾಡುತ್ತೀರಿ?' ಎಂದು ಕೇಳಿದರು. ಬೆಳಗಿನಿಂದ ತುಟಿ ಬಿಚ್ಚದಿದ್ದವರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಒಬ್ಬಳು, 'ಅತ್ತಿಗೆ ಮದಲ ಬಿ.ಪಿ. ನೋಡ್ತೀನ್ರಿ. ನಿಮಗ ಬಿ.ಪಿ. ಏರೇತಿ, ಡಾಕ್ಟರ ಕಡೆ ಹೋಗ್ರಿ ಅಂತ ಕಳಸ್ತೀನಿ'. ಇನ್ನೊಬ್ಬಳು, 'ಸೊಸಿನ ನೀರ ತರಾಕ ಬಾ ಅಂತ ಬೋರಿನ ಕಡೆ ಕರಕೊಂಡ ಹೋಗ್ತೀನಿ'. ಮತ್ತೊಬ್ಬಳು, 'ನಾ ಅತ್ತಿನ್ನ ಮದಲ ಕೇಳ್ತೀನ್ರಿ, ನಿಮಗೂ ಬಿಳಿ ಹೊಕ್ಕಿತ್ತೇನ್ ಹರೇದಾಗ ಅಂತ. ಅಕಿ ಹೇಳಾಕ ಚಾಲೂ ಮಾಡಿದ್ರ ಸೊಸೀನೂ ಹೇಳ್ತಾಳ'. ವೈದ್ಯೆ ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ಹಿಂದಿನ ಸಾಲಿನಲ್ಲಿದ್ದ ತಾಂಡಾದ ಆಶಾ ಎದ್ದು ನಿಂತು, 'ನಮ್ಮಲ್ಲಿ ಮನಿಗೆ ಒಂದ ಖೋಲಿ ಇರ್ತೈತ್ರಿ ಮೇಡಂ, ಅಲ್ಲಿ ಹೆಂಗ ಮಾಡೋದು?' ಎಂದಳು. ಅದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಊಟದ ಗಂಟೆ ಆಗಿತ್ತು, ಯಾರೂ ಏಳಲಿಲ್ಲ.